ಹಿಂಬದಿ ಎದ್ದ ಫೋನು: ಬ್ಯಾಟರಿ ಬದಲಿಸಬೇಕೇ, 7000 ಎಂಎಎಚ್‌ನ ಹೊಸದು ಕೊಳ್ಳಬೇಕೇ?

ಪ್ರಶ್ನೆ: ರಾಯಚೂರಿನಲ್ಲಿ ಪಾರ್ಸೆಲ್ ಡೆಲಿವರಿ ಕೆಲಸ ಮಾಡುತ್ತೇನೆ. 2022ರ ಕೊನೆಯಲ್ಲಿ ಕೊಂಡ ಆಂಡ್ರಾಯ್ಡ್ ಫೋನ್, 5000 ಎಂಎಎಚ್ ಬ್ಯಾಟರಿ, 33 ವ್ಯಾಟ್ ಚಾರ್ಜರ್. ದಿನವಿಡೀ ಬೈಕಿನ ಹೋಲ್ಡರ್‌ನಲ್ಲಿ ಮ್ಯಾಪ್ ಓಡುತ್ತಿರುತ್ತದೆ. ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟರೂ ಮಧ್ಯಾಹ್ನ ಎರಡಕ್ಕೆ ಶೇ 25ಕ್ಕೆ ಇಳಿದಿರುತ್ತದೆ. ಕೆಲವೊಮ್ಮೆ ಶೇ 22 ತೋರಿಸುತ್ತಿರುವಾಗಲೇ ತಟ್ಟನೆ ಆಫ್ ಆಗುತ್ತದೆ. ಈಚೆಗೆ ಹಿಂಬದಿ ಕವರಿನ ಒಂದು ಅಂಚು ಸ್ವಲ್ಪ ಎದ್ದಿದೆ. ಫಾಸ್ಟ್ ಚಾರ್ಜಿಂಗ್‌ನಿಂದಲೇ ಹೀಗಾಯಿತು ಅಂತಾರೆ ಅಂಗಡಿಯವರು. 800 ರೂಪಾಯಿಗೆ ‘ಒರಿಜಿನಲ್’ ಬ್ಯಾಟರಿ ಹಾಕಿಕೊಡುತ್ತಾರಂತೆ. ಹಾಕಿಸಲೇ, ಇಲ್ಲ ಈಗ ಬರುತ್ತಿರುವ 7000 ಎಂಎಎಚ್ ಫೋನ್ ಕೊಳ್ಳಲೇ? ಶೇ 80ಕ್ಕೆ ಚಾರ್ಜ್ ನಿಲ್ಲಿಸಬೇಕು ಅನ್ನುವುದು ನಿಜವೇ?

ಉತ್ತರ: ಉಳಿದದ್ದೆಲ್ಲ ಆಮೇಲೆ, ಮೊದಲು ಆ ಎದ್ದ ಅಂಚನ್ನು ನೋಡೋಣ. ಇದಕ್ಕೆ ಎರಡು ಕಾರಣ ಇರಬಹುದು. ಒಂದು, ಬಿಸಿಲಿಗೆ ಅಂಟು ಸಡಿಲಗೊಂಡು ಕವರ್ ಬಿಟ್ಟುಕೊಂಡಿರುವುದು. ಇದು ಸಣ್ಣ ವಿಷಯ. ಇನ್ನೊಂದು, ಒಳಗಿನ ಬ್ಯಾಟರಿ ಉಬ್ಬಿ ಕವರನ್ನು ತಳ್ಳುತ್ತಿರುವುದು. ಇದು ಸಣ್ಣ ವಿಷಯವಲ್ಲ. ರಕ್ಷಣಾ ಕೇಸ್ ತೆಗೆದು, ಫೋನನ್ನು ಮಟ್ಟಸವಾದ ಗಾಜಿನ ಮೇಜಿನ ಮೇಲೆ ಹಿಂಬದಿ ಕೆಳಗಾಗಿ ಇಟ್ಟು ಬೆರಳಿನಿಂದ ಮೆಲ್ಲಗೆ ತಿರುಗಿಸಿ. ಕ್ಯಾಮೆರಾ ಉಬ್ಬಿನ ಮೇಲೆ ನಿಲ್ಲುವ ಬದಲು ನಡುಭಾಗದ ಮೇಲೆ ಬುಗುರಿಯಂತೆ ತಿರುಗಿದರೆ ಬ್ಯಾಟರಿ ಉಬ್ಬಿದೆ ಎಂದೇ ಲೆಕ್ಕ. ಸ್ಕ್ರೀನಿನ ನಡುವೆ ಮಸುಕು ಕಲೆ ಕಂಡರೆ, ಅಥವಾ ಸ್ಕ್ರೀನ್ ಮತ್ತು ಚೌಕಟ್ಟಿನ ನಡುವೆ ಒಂದೇ ಕಡೆ ಬಿರುಕು ಅಗಲವಾಗಿದ್ದರೂ ಅದೇ ಅರ್ಥ. ಒತ್ತಿ ಪರೀಕ್ಷಿಸಲು ಮಾತ್ರ ಹೋಗಬೇಡಿ.

ಉಬ್ಬಿದ್ದರೆ ಇವತ್ತೇ ಬಳಕೆ ನಿಲ್ಲಿಸಿ. ಡೇಟಾ ಬ್ಯಾಕಪ್ ಆಗಿಲ್ಲದಿದ್ದರೆ ಉಳಿದಿರುವ ಚಾರ್ಜ್‌ನಲ್ಲೇ ಮುಖ್ಯವಾದದ್ದನ್ನು ಕಳಿಸಿಕೊಂಡು ಸ್ವಿಚ್ ಆಫ್ ಮಾಡಿ, ಮತ್ತೆ ಚಾರ್ಜರ್ ಸಿಕ್ಕಿಸಬೇಡಿ. ಕವರನ್ನು ಅದುಮಿ ಫೆವಿಕ್ವಿಕ್ ಹಾಕುವುದು, ಸೂಜಿಯಿಂದ ಗಾಳಿ ಬಿಡುವುದು, ಫ್ರಿಜ್‌ನಲ್ಲಿಡುವುದು ಯಾವುದೂ ಬೇಡ. ಒಳಗಿರುವುದು ಬರೀ ಗಾಳಿಯಲ್ಲ, ಸೆಲ್ ಒಳಗಿನ ವಿದ್ಯುದ್ವಿಭಾಜ್ಯ ದ್ರವ (ಎಲೆಕ್ಟ್ರೋಲೈಟ್) ಒಡೆದು ಹುಟ್ಟಿದ, ಹೊತ್ತಿಕೊಳ್ಳಬಲ್ಲ ಅನಿಲ. ಸರ್ವಿಸ್ ಸೆಂಟರಿಗೆ ಒಯ್ಯುವವರೆಗೆ ಒಣ ಮರಳು ಹಾಕಿದ ಸ್ಟೀಲ್ ಪಾತ್ರೆಯಲ್ಲಿಟ್ಟು ನೆರಳಿನಲ್ಲಿ, ಹಾಸಿಗೆ-ಬಟ್ಟೆ-ಗ್ಯಾಸ್ ಸಿಲಿಂಡರುಗಳಿಂದ ದೂರ ಇರಿಸಿ. ಪ್ಯಾಂಟಿನ ಜೇಬಿನಲ್ಲಿ ಒಯ್ಯಬೇಡಿ. ಅಕಸ್ಮಾತ್ ಹೊಗೆ ಬಂದರೆ ದೂರ ಸರಿದು, ಉರಿ ಹತ್ತಿದ ಮೇಲೂ ಸುರಕ್ಷಿತ ದೂರದಿಂದ ನೀರು ಸುರಿಯಿರಿ. ಲಿಥಿಯಂ ಎಂದರೆ ನೀರು ಹಾಕಬಾರದು ಎಂಬ ಮಾತು ಫೋನಿನ ಲಿಥಿಯಂ-ಅಯಾನ್ ಸೆಲ್‌ಗೆ ಅನ್ವಯಿಸುವುದಿಲ್ಲ. ಇಲ್ಲಿ ಸೆಲ್ಲನ್ನು ತಣ್ಣಗಾಗಿಸುವುದೇ ಮುಖ್ಯ, ಅದಕ್ಕೆ ನೀರೇ ಒಳ್ಳೆಯದು. ಹೊಗೆಯನ್ನು ಮಾತ್ರ ಉಸಿರಾಡಬೇಡಿ.

ಈಗ ಶೇ 22ರಲ್ಲಿ ಆಫ್ ಆಗುವ ವಿಚಾರ. ಇದನ್ನು ಬಹಳ ಜನ ಸಾಫ್ಟ್‌ವೇರ್ ದೋಷವೆಂದು ತಿಳಿದು ಫೋನ್ ರಿಸೆಟ್ ಮಾಡಿ ಸುಮ್ಮನೆ ಕಷ್ಟಪಡುತ್ತಾರೆ. ಬ್ಯಾಟರಿ ಹಳೆಯದಾದಂತೆ ಎರಡು ಸಂಗತಿ ನಡೆಯುತ್ತವೆ. ಸಾಮರ್ಥ್ಯ ಕುಗ್ಗುವುದು ಎಲ್ಲರಿಗೂ ಗೊತ್ತು. ಒಳರೋಧ, ಅಂದರೆ ವಿದ್ಯುತ್ತಿನ ಹರಿವಿಗೆ ಸೆಲ್ ಒಳಗೇ ಇರುವ ಅಡ್ಡಿ, ಏರುವುದು ಅಷ್ಟಾಗಿ ಗೊತ್ತಿಲ್ಲ. ಮ್ಯಾಪ್ ಓಡುತ್ತಿರುವಾಗ ಕರೆ ಬಂದು, ಅದೇ ಹೊತ್ತಿಗೆ ಕ್ಯಾಮೆರಾ ತೆರೆದು ಪಾರ್ಸೆಲ್ ಸ್ಕ್ಯಾನ್ ಮಾಡಿದಿರಿ ಎಂದುಕೊಳ್ಳಿ. ಕ್ಷಣಕಾಲ 3 ಆಂಪಿಯರ್ ಎಳೆಯುತ್ತದೆ. ಒಳರೋಧ 50 ಮಿಲಿಓಮ್ ಇದ್ದರೆ ಆ ಕ್ಷಣದಲ್ಲಿ ಕಳೆದುಹೋಗುವುದು 0.15 ವೋಲ್ಟ್, ಫೋನಿಗೆ ಗೊತ್ತೇ ಆಗುವುದಿಲ್ಲ. ಅದೇ 150 ಮಿಲಿಓಮ್‌ಗೆ ಏರಿದ್ದರೆ 0.45 ವೋಲ್ಟ್ ಕುಸಿಯುತ್ತದೆ. 3.7 ವೋಲ್ಟ್‌ನಲ್ಲಿದ್ದ ಸೆಲ್ ತಟ್ಟನೆ 3.25ಕ್ಕೆ ಬಿದ್ದರೆ ಫೋನು ತನ್ನನ್ನು ಉಳಿಸಿಕೊಳ್ಳಲು ಆಫ್ ಆಗುತ್ತದೆ. ಚಾರ್ಜ್ ಇದ್ದದ್ದು ಸುಳ್ಳಲ್ಲ, ಅದನ್ನು ಬೇಕಾದ ವೇಗದಲ್ಲಿ ಹೊರಗೆ ಕೊಡುವ ತಾಕತ್ತು ಸೆಲ್‌ಗೆ ಉಳಿದಿಲ್ಲ, ಅಷ್ಟೇ. 2017ರಲ್ಲಿ ಆ್ಯಪಲ್ ಹಳೆಯ ಐಫೋನ್‌ಗಳನ್ನು ಅಪ್‌ಡೇಟ್ ಮೂಲಕ ನಿಧಾನಗೊಳಿಸಿ ಬೈಸಿಕೊಂಡಿದ್ದು ಇದೇ ಕುಸಿತವನ್ನು ತಪ್ಪಿಸಲು ಹೋಗಿ. ತಂತ್ರ ಸರಿಯಾಗಿತ್ತು, ಬಳಕೆದಾರರಿಗೆ ಹೇಳದೆ ಮಾಡಿದ್ದು ತಪ್ಪು.

ಕವರ್ ಎದ್ದದ್ದು ಬರೀ ಅಂಟಿನಿಂದ ಎಂದು ಖಚಿತವಾದರೆ ಮಾತ್ರ ಸಾಮರ್ಥ್ಯವನ್ನು ಅಳೆದು ನೋಡಬಹುದು. ಇದು ಉಬ್ಬದ ಫೋನಿಗೆ ಹೇಳುತ್ತಿರುವ ಮಾತು. ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಬ್ಯಾಟರಿ ಹೆಲ್ತ್‌ನಲ್ಲಿ ಶೇಕಡಾವಾರು ಸಿಗುತ್ತದೆ, ಐಫೋನ್ 15ರಿಂದ ಸೈಕಲ್ ಎಣಿಕೆಯೂ (ಒಟ್ಟು ಶೇ 100ರಷ್ಟು ಬಳಕೆ ಎಷ್ಟು ಸಲ ಆಗಿದೆ ಎಂಬ ಲೆಕ್ಕ) ಇದೆ. ಸ್ಯಾಮ್‌ಸಂಗ್‌ನವರು ಸ್ಯಾಮ್‌ಸಂಗ್ ಮೆಂಬರ್ಸ್ ಆ್ಯಪ್‌ನ ಡಯಾಗ್ನಾಸ್ಟಿಕ್ಸ್‌ನಲ್ಲಿ ನೋಡಬಹುದು. ಗೂಗಲ್‌ನ ಪಿಕ್ಸೆಲ್ 8ಎ ಮತ್ತು ಅದರ ನಂತರದ ಪಿಕ್ಸೆಲ್‌ಗಳಲ್ಲಿ ಬ್ಯಾಟರಿ ಸೆಟ್ಟಿಂಗ್‌ನಲ್ಲೇ ಇದೆ. ಇವು ಯಾವುದೂ ಇಲ್ಲದ 2022ರ ಫೋನಿಗೆ ಆ್ಯಕ್ಯುಬ್ಯಾಟರಿ ಎಂಬ ಆ್ಯಪ್ ಸಾಕು. ಲೆಕ್ಕ ಸರಳ. ಶೇ 20ರಿಂದ 80ಕ್ಕೆ, ಅಂದರೆ ಶೇ 60ರಷ್ಟು ಚಾರ್ಜ್ ಮಾಡುವಾಗ ಒಳಗೆ ಹೋದದ್ದು 2250 ಎಂಎಎಚ್ ಎಂದು ತೋರಿಸಿದರೆ ಪೂರ್ತಿ ಸಾಮರ್ಥ್ಯ 3750. ಅದನ್ನು 5000ದಿಂದ ಭಾಗಿಸಿದರೆ ಶೇ 75. ಒಂದು ಸಲದ ಅಳತೆಯನ್ನು ನಂಬಬೇಡಿ, ನಾಲ್ಕೈದು ಸಲ ಸ್ಕ್ರೀನ್ ಆಫ್ ಇಟ್ಟು ಮಾಡಿದ ಚಾರ್ಜಿನ ಸರಾಸರಿ ತೆಗೆದುಕೊಳ್ಳಿ. ಒಂದು ಎಚ್ಚರಿಕೆ: 65 ವ್ಯಾಟ್ ಮೇಲಿನ ಎಷ್ಟೋ ಒನ್‌ಪ್ಲಸ್, ಒಪ್ಪೊ, ರಿಯಲ್‌ಮಿ ಫೋನುಗಳಲ್ಲಿ ಎರಡು ಸೆಲ್‌ಗಳು ಸರಣಿಯಲ್ಲಿ ಇರುತ್ತವೆ. ಅಲ್ಲಿ ಆ್ಯಪ್ ಒಂದೇ ಸೆಲ್‌ನ ಲೆಕ್ಕ ಹಿಡಿದು ಸಾಮರ್ಥ್ಯವನ್ನು ಅರ್ಧಕ್ಕೆ ತೋರಿಸುವುದುಂಟು. ‘ಬ್ಯಾಟರಿ ಶೇ 46 ಉಳಿದಿದೆ’ ಎಂದು ಗಾಬರಿಯಾಗುವ ಮೊದಲು ಆ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಎರಡು ಸೆಲ್ ಆಯ್ಕೆಯನ್ನು ಹುಡುಕಿ.

ಅಳೆದ ಸಾಮರ್ಥ್ಯ ಶೇ 80ಕ್ಕಿಂತ ಕೆಳಗೆ ಬಂದು, ಮೇಲಿಂದ ಹೀಗೆ ತಟ್ಟನೆ ಆಫ್ ಆಗುತ್ತಿದ್ದರೆ ಬದಲಿಸುವ ಸಮಯ ಬಂದಿದೆ. ಉಬ್ಬಿದ್ದರೆ ಅಳೆಯುವ ಪ್ರಶ್ನೆಯೇ ಇಲ್ಲ.

ಅಂಗಡಿಯವರು ಫಾಸ್ಟ್ ಚಾರ್ಜಿಂಗ್ ಮೇಲೆ ತಪ್ಪು ಹಾಕಿದ್ದಾರೆ. ನಿಮ್ಮ ವಿಷಯದಲ್ಲಿ ಅದು ನಾಲ್ಕಾಣೆ ನಿಜ. 33 ವ್ಯಾಟ್ ಎನ್ನುವುದು ಚಾರ್ಜಿಂಗ್‌ನ ಪೂರ್ತಿ ಹೊತ್ತು ಹರಿಯುವ ಪ್ರಮಾಣವಲ್ಲ. ಬ್ಯಾಟರಿ ಖಾಲಿ ಇರುವಾಗ ಮೊದಲರ್ಧದಲ್ಲಿ ಅಷ್ಟು ಹರಿಯುತ್ತದೆ, ಆಮೇಲೆ ಇಳಿಯುತ್ತಾ ಬಂದು ಶೇ 90ರ ಮೇಲೆ ಜಿನುಗುತ್ತದೆ. 5000 ಎಂಎಎಚ್‌ಗೆ 33 ವ್ಯಾಟ್ ಎಂದರೆ ಸೆಲ್‌ಗೆ ಹೆಚ್ಚಿನ ಒತ್ತಡವೂ ಅಲ್ಲ. ಬ್ಯಾಟರಿಯನ್ನು ಕೊಲ್ಲುವುದು ಎರಡರ ಜೋಡಿ: ಶಾಖ ಮತ್ತು ತುಂಬಿದ ಸ್ಥಿತಿ. ತುಂಬಿದ ಸೆಲ್‌ನ ವೋಲ್ಟೇಜ್ 4.4ರ ಮೇಲಿರುತ್ತದೆ. ಆ ಎತ್ತರದಲ್ಲಿ ಕೋಬಾಲ್ಟ್ ಆಕ್ಸೈಡ್‌ನ ಧನಧ್ರುವ ತನ್ನ ಎದುರಿನ ವಿದ್ಯುದ್ವಿಭಾಜ್ಯ ದ್ರವವನ್ನು ಒಡೆಯತೊಡಗುತ್ತದೆ. ಗ್ರಾಫೈಟ್‌ನ ಋಣಧ್ರುವದ ಮೇಲೆ ಕೂತಿರುವ ತೆಳುಪದರ ದಪ್ಪವಾಗುತ್ತಾ ಓಡಾಡಬೇಕಾದ ಲಿಥಿಯಂ ಅನ್ನು ತನ್ನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸಾಮರ್ಥ್ಯ ಕುಗ್ಗುವುದು, ಒಳರೋಧ ಏರುವುದು, ಅನಿಲ ಹುಟ್ಟುವುದು ಎಲ್ಲಕ್ಕೂ ಮೂಲ ಇದು. ಉಷ್ಣತೆ ಏರಿದಂತೆ ಈ ಎಲ್ಲ ಕ್ರಿಯೆಗಳ ವೇಗವೂ ಏರುತ್ತದೆ. ಲಿಥಿಯಂ-ಅಯಾನ್ ಬಗ್ಗೆ ಹೆಚ್ಚು ಬಳಕೆಯಲ್ಲಿರುವ ಒಂದು ಅಂದಾಜು ಹೀಗಿದೆ: ಶೇ 40 ಚಾರ್ಜ್‌ನಲ್ಲಿ 25 ಡಿಗ್ರಿಯಲ್ಲಿ ವರ್ಷ ಇಟ್ಟ ಸೆಲ್ ಶೇ 4ರಷ್ಟು ಸಾಮರ್ಥ್ಯ ಕಳೆದುಕೊಂಡರೆ, ಪೂರ್ತಿ ಚಾರ್ಜ್‌ನಲ್ಲಿ 40 ಡಿಗ್ರಿಯಲ್ಲಿ ಇಟ್ಟದ್ದು ಶೇ 35ರಷ್ಟು ಕಳೆದುಕೊಳ್ಳುತ್ತದೆ. ಬಳಸದೆ ಸುಮ್ಮನೆ ಇಟ್ಟಿದ್ದಕ್ಕೇ ಇಷ್ಟು.

ನಿಮ್ಮ ದಿನವನ್ನು ಈ ಕಣ್ಣಿನಲ್ಲಿ ನೋಡಿ. ಬೆಳಿಗ್ಗೆ ನೂರಕ್ಕೆ ತುಂಬಿದ ಫೋನು, ಏಪ್ರಿಲ್-ಮೇ ತಿಂಗಳ ರಾಯಚೂರಿನ 40 ದಾಟಿದ ಬಿಸಿಲು, ಹೋಲ್ಡರ್‌ನಲ್ಲಿ ನೇರ ಸೂರ್ಯ, ಬಿಸಿಲಿನಲ್ಲಿ ಕಾಣಲೆಂದು ಪೂರ್ತಿ ಏರಿಸಿದ ಬ್ರೈಟ್‌ನೆಸ್, ನಿರಂತರ ಜಿಪಿಎಸ್ ಮತ್ತು ಡೇಟಾ. ಬೈಕಿನ ಯುಎಸ್‌ಬಿ ಸಾಕೆಟ್‌ನಿಂದ ಚಾರ್ಜ್ ಕೂಡ ಆಗುತ್ತಿದ್ದರೆ ಅದು ಮೇಲಿನ ಶಾಖ. ಫೋನುಗಳ ಬ್ಯಾಟರಿ ಶಾಖ 45 ಡಿಗ್ರಿ ದಾಟಿದರೆ ಚಾರ್ಜಿಂಗ್ ತಾನಾಗಿ ತಗ್ಗುತ್ತದೆ ಅಥವಾ ನಿಲ್ಲುತ್ತದೆ. ಆದರೆ ಬಿಸಿಲಿನ ಶಾಖವನ್ನು ನಿಲ್ಲಿಸುವ ಸಾಫ್ಟ್‌ವೇರ್ ಇಲ್ಲ. ಸುತ್ತಲಿನ ಉಷ್ಣತೆ 35 ಡಿಗ್ರಿ ದಾಟಿದಲ್ಲಿ ಬಳಸಿದರೆ ಬ್ಯಾಟರಿಗೆ ಶಾಶ್ವತ ಹಾನಿಯಾಗಬಹುದು ಎಂದು ಆ್ಯಪಲ್ ತನ್ನ ಐಫೋನ್‌ಗಳ ಬಗ್ಗೆ ಹೇಳುತ್ತದೆ. ಆ ಲೆಕ್ಕದಲ್ಲಿ ರಾಯಚೂರು, ಕಲಬುರಗಿಯ ಡೆಲಿವರಿ ಹುಡುಗರ ಫೋನು ಮೂರು ತಿಂಗಳು ಮಿತಿಯ ಆಚೆಗೇ ಇರುತ್ತದೆ. ಮೂರು ವರ್ಷ ಬಂದದ್ದೇ ಹೆಚ್ಚು.

ಹಾಗಾಗಿ ಶೇ 80ರ ಮಿತಿ ನಿಜವೇ ಎಂದರೆ, ಹೌದು. ಶೇ 80ರಲ್ಲಿ ಸೆಲ್ 4.2 ವೋಲ್ಟ್ ಆಸುಪಾಸಿನಲ್ಲಿ ಇರುತ್ತದೆ, ಒತ್ತಡ ಬಹಳ ಕಡಿಮೆ. ಐಫೋನ್ 15ರಿಂದ ಈ ಮಿತಿ ಇದೆ, ಐಒಎಸ್ 18ರಲ್ಲಿ 80, 85, 90, 95 ಎಂದು ಆರಿಸಿಕೊಳ್ಳಬಹುದು. ಸ್ಯಾಮ್‌ಸಂಗ್ ಫೋನುಗಳ ಸಾಫ್ಟ್‌ವೇರ್ ಆದ ಒನ್ ಯುಐ 7ರಲ್ಲೂ 80ರಿಂದ 95ರವರೆಗೆ ಮಿತಿ ಸಿಗುತ್ತದೆ. ಪಿಕ್ಸೆಲ್‌ಗಳಿಗೆ ಆಂಡ್ರಾಯ್ಡ್ 15ರ ಜತೆ ಬಂತು. ಆದರೆ ದಿನವಿಡೀ ಹೊರಗಿರುವವರು ಶೇ 80ಕ್ಕೆ ಕಟ್ಟುಬಿದ್ದು ಮಧ್ಯಾಹ್ನ ಹನ್ನೆರಡಕ್ಕೆ ಚಾರ್ಜರ್ ಹುಡುಕುವುದು ಬುದ್ಧಿವಂತಿಕೆಯಲ್ಲ. ಹಾನಿ ಮಾಡುವುದು ನೂರನ್ನು ಮುಟ್ಟುವುದಲ್ಲ, ನೂರರಲ್ಲಿ ಗಂಟೆಗಟ್ಟಲೆ ಕೂರುವುದು. ರಾತ್ರಿ 80ರ ಮಿತಿಯಲ್ಲಿ ಚಾರ್ಜ್ ಆಗಲಿ, ಬೆಳಿಗ್ಗೆ ಎದ್ದು ಸ್ನಾನ-ತಿಂಡಿಯ ಮುಕ್ಕಾಲು ಗಂಟೆಯಲ್ಲಿ ಮಿತಿ ತೆಗೆದು ನೂರು ಮಾಡಿ ಹೊರಡಿ. ಮಿತಿಯ ಸೌಲಭ್ಯ ಇಲ್ಲದ ಫೋನಾದರೆ ರಾತ್ರಿ ಚಾರ್ಜ್‌ಗೆ ಹಾಕದೆ ಬೆಳಿಗ್ಗೆಯೇ ಹಾಕಿ. 33 ವ್ಯಾಟ್ ಇರುವುದು ಇದಕ್ಕೇ. ಮಿತಿ ಹಾಕಿದ್ದರೂ ಫೋನು ಆಗೊಮ್ಮೆ ಈಗೊಮ್ಮೆ ತಾನೇ ನೂರಕ್ಕೆ ಹೋದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಶೇಕಡಾವಾರು ಲೆಕ್ಕ ತಪ್ಪದಿರಲಿ ಎಂದು ಐಫೋನ್, ಪಿಕ್ಸೆಲ್‌ಗಳು ಬೇಕೆಂದೇ ಹಾಗೆ ಮಾಡುತ್ತವೆ.

ಬ್ಯಾಟರಿ ಬದಲಿಸುವುದೋ ಫೋನು ಬದಲಿಸುವುದೋ ಎಂಬುದನ್ನು ಬ್ಯಾಟರಿಯೇ ತೀರ್ಮಾನಿಸಬಾರದು. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್‌ಗೆ ಹೋಗಿ ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ ನೋಡಿ. ಆರು ತಿಂಗಳೊಳಗಿನದಾದರೆ ಬ್ಯಾಟರಿ ಹಾಕಿಸಿ, ಇನ್ನೂ ಎರಡು ವರ್ಷ ಓಡಿಸಿ. ವರ್ಷಕ್ಕಿಂತ ಹಳೆಯದಾಗಿದ್ದು ಕಂಪನಿ ಅಪ್‌ಡೇಟ್ ನಿಲ್ಲಿಸಿದ್ದರೆ, ಅದೇ ಫೋನಿನಲ್ಲಿ ಯುಪಿಐ ಮತ್ತು ದಿನದ ಕಲೆಕ್ಷನ್ ನಡೆಯುವಾಗ, ಹೊಸ ಫೋನಿನ ಲೆಕ್ಕ ಹಾಕುವುದರಲ್ಲಿ ಅರ್ಥವಿದೆ. ಸ್ಕ್ರೀನ್ ಒಡೆದಿದ್ದು, ಚಾರ್ಜಿಂಗ್ ಪೋರ್ಟ್ ಸಡಿಲವಾಗಿದ್ದು, ಬ್ಯಾಟರಿಯೂ ಹೋಗಿದ್ದರೆ ಮೂರಕ್ಕೂ ಸುರಿಯುವುದು ದಂಡ.

ಬದಲಿಸುವುದಾದರೆ ಮೊದಲ ಆಯ್ಕೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್. ಶಿಯೋಮಿ, ಸ್ಯಾಮ್‌ಸಂಗ್, ಒನ್‌ಪ್ಲಸ್, ರಿಯಲ್‌ಮಿ, ವಿವೊ ಎಲ್ಲರೂ ಬಿಡಿಭಾಗಗಳ ಬೆಲೆಯನ್ನು ತಮ್ಮ ಭಾರತದ ವೆಬ್‌ಸೈಟ್‌ನಲ್ಲಿ ಹಾಕಿರುತ್ತಾರೆ. ಹೋಗುವ ಮೊದಲು ನೋಡಿಕೊಳ್ಳಿ. ಮಧ್ಯಮ ಬೆಲೆಯ ಆಂಡ್ರಾಯ್ಡ್ ಫೋನುಗಳಲ್ಲಿ ಅಧಿಕೃತ ಬೆಲೆಗೂ ಅಂಗಡಿಯ 800ಕ್ಕೂ ಇರುವ ಅಂತರ ಎಷ್ಟೋ ಸಲ ಕೆಲವು ನೂರು ರೂಪಾಯಿ ಮಾತ್ರ. ಅದನ್ನು ಉಳಿಸಲು ಹೋಗುವುದು ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಧಿಕೃತ ಸೆಂಟರ್ ದೂರವಿದ್ದು ಅಂಗಡಿಗೇ ಹೋಗಬೇಕಾದರೆ, ಹಾಕುವ ಮೊದಲು ಬ್ಯಾಟರಿಯನ್ನು ಕೈಗೆ ತೆಗೆದುಕೊಂಡು ಓದಿ. ಮಾದರಿ ಸಂಕೇತ ಹಳೆಯ ಬ್ಯಾಟರಿಯ ಮೇಲಿರುವುದಕ್ಕೆ ಅಕ್ಷರಶಃ ಹೊಂದಬೇಕು. ಸಾಮಾನ್ಯವಾಗಿ ಸ್ಯಾಮ್‌ಸಂಗ್‌ನದು ‘ಇಬಿ’, ಶಿಯೋಮಿಯದು ‘ಬಿಎನ್’ ಅಥವಾ ‘ಬಿಎಂ’, ಒಪ್ಪೊ-ರಿಯಲ್‌ಮಿಯದು ‘ಬಿಎಲ್‌ಪಿ’ ಎಂದು ಶುರುವಾಗುತ್ತದೆ. ಭಾರತದಲ್ಲಿ ಮಾರುವ ಲಿಥಿಯಂ ಬ್ಯಾಟರಿಗೆ ಭಾರತೀಯ ಮಾನಕ ಸಂಸ್ಥೆಯ (ಬಿಐಎಸ್) ನೋಂದಣಿ ಕಡ್ಡಾಯ. ‘ಐಎಸ್ 16046’ ಎಂಬ ಗುರುತೂ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿದರೆ ಯಾರ ಹೆಸರಿನಲ್ಲಿದೆ ಎಂಬುದು ಗೊತ್ತಾಗುತ್ತದೆ. ಅಳತೆ ಅದೇ ಇದ್ದು ‘5000 ಬದಲು 6000 ಎಂಎಎಚ್ ಹಾಕಿಕೊಡ್ತೀನಿ’ ಎಂದರೆ ಎದ್ದು ಬನ್ನಿ. ನಿಮ್ಮ ಫೋನಿನಲ್ಲಿರುವ ಜಾಗಕ್ಕೆ ಹೆಚ್ಚುವರಿ 1000 ಎಂಎಎಚ್ ತುರುಕಲು ಬರುವುದಿಲ್ಲ, ಲೇಬಲ್ ಮಾತ್ರ ಬದಲಾಗಿರುತ್ತದೆ. ತಯಾರಿಕೆಯ ದಿನಾಂಕವನ್ನೂ ನೋಡಿ. ಅಸಲಿ ಬ್ಯಾಟರಿಯೇ ಆಗಿದ್ದರೂ ಮೂರು ವರ್ಷ ಅಂಗಡಿಯ ಕಾದ ಡ್ರಾಯರ್‌ನಲ್ಲಿ ಕೂತಿದ್ದರೆ ಅದು ಬಳಸದೆಯೇ ಮುದಿಯಾಗಿದೆ. ವರ್ಷದೊಳಗಿನದನ್ನು ಕೇಳಿ.

ಕೆಲಸ ನಡೆಯುವಾಗ ನಿಂತು ನೋಡಿದರೆ ಒಳ್ಳೆಯದು. ಸರಿಯಾಗಿ ಮಾಡುವವರು ಮೊದಲು ಫೋನನ್ನು ಶೇ 25ಕ್ಕಿಂತ ಕೆಳಗಿಳಿಸಿಕೊಂಡು ಆಫ್ ಮಾಡುತ್ತಾರೆ, ಸಿಮ್ ಟ್ರೇ ತೆಗೆಯುತ್ತಾರೆ, ಹಿಂಬದಿಯನ್ನು 70-80 ಡಿಗ್ರಿಯಷ್ಟು ಕಾಯಿಸಿ ಅಂಟು ಮೆದುವಾದ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆ ತೂರಿಸಿ ಬಿಡಿಸುತ್ತಾರೆ. ತಿರುಪು ಬಿಚ್ಚಿದ ಕೂಡಲೇ ಬೇರೆ ಯಾವುದಕ್ಕೂ ಕೈ ಹಾಕುವ ಮೊದಲು ಬ್ಯಾಟರಿ ಕನೆಕ್ಟರ್ ಬಿಚ್ಚಬೇಕು. ಇದನ್ನು ತಪ್ಪಿಸಿದರೆ ಶಾರ್ಟ್ ಆಗಿ ಮದರ್‌ಬೋರ್ಡ್ ಹೋಗಬಹುದು. ಹಳೆಯ ಬ್ಯಾಟರಿಯ ಕೆಳಗೆ ಎಳೆಯುವ ಪಟ್ಟಿ ಇದ್ದರೆ ಅದನ್ನು ಮೆಲ್ಲಗೆ ಎಳೆದು ತೆಗೆಯುತ್ತಾರೆ. ಪಟ್ಟಿ ತುಂಡಾದರೆ ಅಂಚಿನಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ನ ಕೆಲವು ಹನಿ ಬಿಟ್ಟು ಎರಡು ಮೂರು ನಿಮಿಷ ಕಾಯುತ್ತಾರೆ. ಲೋಹದ ಸ್ಪ್ಯಾಚುಲಾದಿಂದ ಮೀಟಿ ಎಬ್ಬಿಸುವುದನ್ನು ಕಂಡರೆ ತಡೆಯಿರಿ. ಬ್ಯಾಟರಿಯ ಚೀಲ ತೂತಾದರೆ ಅಲ್ಲೇ ಬೆಂಕಿ. ಹೊಸದನ್ನು ಕೂರಿಸಿದ ಮೇಲೆ ಕವರ್ ಮುಚ್ಚುವ ಮೊದಲೇ ಒಮ್ಮೆ ಆನ್ ಮಾಡಿ ಚಾರ್ಜಿಂಗ್, ಕ್ಯಾಮೆರಾ, ಸ್ಪೀಕರ್, ಫಿಂಗರ್‌ಪ್ರಿಂಟ್ ನೋಡಿಕೊಳ್ಳಿ. ಹಳೆಯ ಅಂಟನ್ನು ಒರೆಸಿ ಹೊಸ ಅಂಟುಪಟ್ಟಿ ಹಾಕಿ ಕ್ಲಿಪ್ ಬಿಗಿದು ಒಂದೆರಡು ಗಂಟೆ ಬಿಡಬೇಕು. ಹಾಗೆ ಮಾಡಿದರೂ ನೀರು ನಿರೋಧಕತೆ ಮೊದಲಿನಷ್ಟು ಇರುತ್ತದೆಂದು ನಂಬಬೇಡಿ. ಮಳೆಗಾಲದಲ್ಲಿ ಪೌಚ್ ಬಳಸಿ. ಪಿನ್ ನಂಬರ್ ಹೇಳಿ ಫೋನು ಬಿಟ್ಟುಬರುವ ಅಭ್ಯಾಸ ಬೇಡವೇ ಬೇಡ, ಬ್ಯಾಟರಿ ಬದಲಿಸಲು ಯಾರಿಗೂ ಅದು ಬೇಕಾಗುವುದಿಲ್ಲ. ಐಫೋನ್ ಇರುವವರಿಗೆ ಒಂದು ಮಾತು: ಹೊರಗಿನ ಬ್ಯಾಟರಿ ಹಾಕಿಸಿದರೆ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ನೋನ್ ಪಾರ್ಟ್’ ಎಂಬ ಸೂಚನೆ ಬರುತ್ತದೆ, ಮಾರುವಾಗ ಬೆಲೆ ಬೀಳುತ್ತದೆ.

ಹೊಸ ಬ್ಯಾಟರಿ ಹಾಕಿದ ಮೇಲೆ ಒಂದು ಸಲ ನೂರಕ್ಕೆ ತುಂಬಿಸಿ, ತಾನಾಗಿ ಆಫ್ ಆಗುವವರೆಗೆ ಬಳಸಿ, ಮತ್ತೆ ನಡುವೆ ನಿಲ್ಲಿಸದೆ ತುಂಬಿಸಿ. ಶೇಕಡಾವಾರು ಲೆಕ್ಕ ಹಿಡಿಯಲು ಫೋನಿಗೆ ಇಷ್ಟು ಸಾಕು. ‘ಎಂಟು ಗಂಟೆ ಚಾರ್ಜ್ ಮಾಡಿ’ ಅನ್ನುವುದು ನಿಕಲ್ ಬ್ಯಾಟರಿ ಕಾಲದ ಮಾತು.

ಈಗ 7000 ಎಂಎಎಚ್ ಕತೆ. ಇದು ಬರೀ ಜಾಹೀರಾತಲ್ಲ, ಬ್ಯಾಟರಿಯ ಒಳಗೆ ನಿಜವಾಗಿಯೂ ಬದಲಾವಣೆ ಆಗಿದೆ. ಇದುವರೆಗೆ ಋಣಧ್ರುವದಲ್ಲಿದ್ದುದು ಗ್ರಾಫೈಟ್. ಒಂದು ಗ್ರಾಂ ಗ್ರಾಫೈಟ್ ಹೆಚ್ಚೆಂದರೆ 372 ಎಂಎಎಚ್ ಹಿಡಿಯಬಲ್ಲದು. ಸಿಲಿಕಾನ್ ಸುಮಾರು 3600 ಹಿಡಿಯುತ್ತದೆ. ತೊಡಕು ಏನೆಂದರೆ ಲಿಥಿಯಂ ಒಳಹೋದಾಗ ಸಿಲಿಕಾನ್ ಮೂರ್ನಾಲ್ಕು ಪಟ್ಟು ಉಬ್ಬುತ್ತದೆ, ಗ್ರಾಫೈಟ್ ಶೇ 10ರಷ್ಟು ಮಾತ್ರ. ದಿನಾ ಉಬ್ಬಿ ಕುಗ್ಗಿ ಕಣಗಳು ಬಿರಿದು ಪುಡಿಯಾಗುತ್ತವೆ. ಅದಕ್ಕೇ ಸಿಲಿಕಾನ್‌ನ ನ್ಯಾನೊ ಕಣಗಳನ್ನು ರಂಧ್ರಗಳಿರುವ ಇಂಗಾಲದೊಳಗೆ ಕೂರಿಸಿ, ಉಬ್ಬಲು ಜಾಗ ಬಿಟ್ಟು, ಗ್ರಾಫೈಟ್ ಜತೆ ಬೆರೆಸುತ್ತಾರೆ. ಸಿಲಿಕಾನ್-ಕಾರ್ಬನ್ ಎಂದು ಕರೆದರೂ ಬಹುಪಾಲು ಇನ್ನೂ ಗ್ರಾಫೈಟೇ. 2023ರಲ್ಲಿ ಆನರ್ ಕಂಪನಿಯ ಮ್ಯಾಜಿಕ್ 5 ಪ್ರೊ ಚೀನಾ ಆವೃತ್ತಿಯಲ್ಲಿ ಇದು 5450 ಎಂಎಎಚ್ ಆಗಿ ಬಂತು. 2025ರ ಹೊತ್ತಿಗೆ ಭಾರತದಲ್ಲೇ ವಿವೊ ಟಿ4 ಮತ್ತು ಐಕ್ಯೂ ಜೆಡ್10ರಲ್ಲಿ 7300, ರಿಯಲ್‌ಮಿ ಜಿಟಿ 7ರಲ್ಲಿ 7000, ಒನ್‌ಪ್ಲಸ್ 15ರಲ್ಲಿ 7300. ದಪ್ಪ ಮಾತ್ರ ಹಿಂದಿನ 5000ದ ಫೋನುಗಳಷ್ಟೇ. ಆ್ಯಪಲ್, ಸ್ಯಾಮ್‌ಸಂಗ್, ಗೂಗಲ್ ತಮ್ಮ 2025ರ ಮುಖ್ಯ ಫೋನುಗಳವರೆಗೂ ಇದರತ್ತ ಬರಲಿಲ್ಲ.

ಕೊಳ್ಳುವಾಗ ಎಂಎಎಚ್ ಒಂದನ್ನೇ ನೋಡಿದರೆ ಮೋಸ ಹೋಗುತ್ತೀರಿ. ಪೆಟ್ಟಿಗೆಯ ಮೇಲೆ ‘ಟಿಪಿಕಲ್’ ಮತ್ತು ‘ರೇಟೆಡ್’ ಎಂದು ಎರಡು ಅಂಕಿ ಇರುತ್ತವೆ. ರೇಟೆಡ್ ಎಂಬುದು ಕನಿಷ್ಠ ಖಾತರಿ, ಹೋಲಿಸಬೇಕಾದ್ದು ಅದನ್ನು. ಇನ್ನೂ ಒಳ್ಳೆಯ ಅಳತೆ ವ್ಯಾಟ್-ಅವರ್, ಅಂದರೆ ಬ್ಯಾಟರಿ ಹಿಡಿಯುವ ಒಟ್ಟು ಶಕ್ತಿ. ಎಂಎಎಚ್ ಅನ್ನು ವೋಲ್ಟೇಜ್‌ನಿಂದ ಗುಣಿಸಿ 1000ದಿಂದ ಭಾಗಿಸಿದರೆ ಬರುವುದು ಇದೇ: 5000 ಎಂಎಎಚ್, 3.87 ವೋಲ್ಟ್ ಆದರೆ 19.35 ವ್ಯಾಟ್-ಅವರ್. ಒಂದೇ ಹೆಸರಿನ ಫೋನು ದೇಶಕ್ಕೊಂದು ಬ್ಯಾಟರಿ ಇಟ್ಟುಕೊಂಡಿರುತ್ತದೆ ಎಂಬುದೂ ನೆನಪಿರಲಿ. ನಥಿಂಗ್ ಫೋನ್ 3 ಭಾರತದಲ್ಲಿ 5500, ಹೊರಗೆ 5150. ರಿಯಲ್‌ಮಿ ಜಿಟಿ 7 ಪ್ರೊ ಚೀನಾದಲ್ಲಿ 6500, ಭಾರತದಲ್ಲಿ 5800. ಯೂಟ್ಯೂಬ್‌ನಲ್ಲಿ ಹೊರದೇಶದವರ ವಿಮರ್ಶೆ ನೋಡಿ ಲೆಕ್ಕ ಹಾಕುವವರು ಇಲ್ಲಿ ಎಡವುತ್ತಾರೆ. ಒಂದೇ ಸೆಲ್‌ನಲ್ಲಿ 20 ವ್ಯಾಟ್-ಅವರ್ ದಾಟಿದರೆ ಸಾಗಣೆಯ ನಿಯಮ ಬಿಗಿಯಾಗುವುದು ಈ ವ್ಯತ್ಯಾಸಕ್ಕಿರುವ ಕಾರಣಗಳಲ್ಲೊಂದು.

ಬಾಳಿಕೆ ಬಗ್ಗೆ ಕಂಪನಿಗಳು ಕೊಡುವ ಸೈಕಲ್ ಅಂಕಿಗಳು ಪ್ರಯೋಗಾಲಯದ ತಂಪಿನವು. ಸೈಕಲ್ ಎಂದರೆ ಪ್ಲಗ್ ಹಾಕಿದ ಎಣಿಕೆಯಲ್ಲ, ಒಟ್ಟು ಶೇ 100ರಷ್ಟು ಬಳಸಿದಾಗ ಒಂದು. ಐರೋಪ್ಯ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನುಗಳ ಬ್ಯಾಟರಿ 800 ಸೈಕಲ್ ಕಳೆದ ಮೇಲೂ ಕನಿಷ್ಠ ಶೇ 80 ಉಳಿಸಿಕೊಂಡಿರಬೇಕು, ಆ ಸೈಕಲ್ ಅಂಕಿ ಇಂಧನ ಲೇಬಲ್ ಮೇಲೆ ಅಚ್ಚಾಗಿರಬೇಕು. ಅದೇ ಮಾದರಿ ಅಲ್ಲಿ ಮಾರುತ್ತಿದ್ದರೆ ಆ ಲೇಬಲ್ ಹುಡುಕಿ ನೋಡಿ. ಬ್ಯಾಟರಿ ಅಳತೆ ಇಲ್ಲಿಯದೇ ಎಂದು ಖಚಿತಪಡಿಸಿಕೊಂಡರೆ ಇಲ್ಲಿನ ಜಾಹೀರಾತಿಗಿಂತ ನಂಬಬಹುದು. ಈಗೀಗ ಸಾಫ್ಟ್‌ವೇರ್ ಕೂಡ ಬ್ಯಾಟರಿಗೆ ಕೈ ಹಾಕುತ್ತಿದೆ. ಪಿಕ್ಸೆಲ್ 9ಎಯಿಂದ ಗೂಗಲ್ 200 ಸೈಕಲ್ ಆದ ಮೇಲೆ ಗರಿಷ್ಠ ವೋಲ್ಟೇಜನ್ನು ಹಂತಹಂತವಾಗಿ ಇಳಿಸುತ್ತಾ ಹೋಗುತ್ತದೆ, ಬೇಡವೆಂದು ಆಫ್ ಮಾಡಲು ಬರುವುದಿಲ್ಲ. 2025ರ ಜುಲೈನಲ್ಲಿ ಪಿಕ್ಸೆಲ್ 6ಎಗೆ ಬಂದ ಅಪ್‌ಡೇಟ್, ಕೆಲವು ಬ್ಯಾಟರಿಗಳು ಅತಿಯಾಗಿ ಬಿಸಿಯಾಗುವ ಅಪಾಯದಿಂದಾಗಿ, 400 ಸೈಕಲ್ ಮುಟ್ಟಿದವುಗಳ ಸಾಮರ್ಥ್ಯವನ್ನೇ ಕಡಿತ ಮಾಡಿತು.

ನಿಮ್ಮ ಕೆಲಸಕ್ಕೆ ನಾನು ಹೊಸ ಫೋನಿನಲ್ಲಿ ನೋಡುವುದು ಇವನ್ನು: ಕನಿಷ್ಠ ನಾಲ್ಕು ವರ್ಷದ ಸೆಕ್ಯುರಿಟಿ ಅಪ್‌ಡೇಟ್‌ನ ಲಿಖಿತ ಭರವಸೆ, 80ರ ಮಿತಿ ಹಾಕುವ ಸೌಲಭ್ಯ, ಬೈಪಾಸ್ ಚಾರ್ಜಿಂಗ್, ಜಿಲ್ಲಾಕೇಂದ್ರದಲ್ಲಿ ಸರ್ವಿಸ್ ಸೆಂಟರ್, ಆಮೇಲೆ ಎಂಎಎಚ್. ಬೈಪಾಸ್ ಎಂದರೆ ವಿದ್ಯುತ್ತು ಬ್ಯಾಟರಿಯನ್ನು ಮುಟ್ಟದೆ ನೇರ ಫೋನನ್ನು ನಡೆಸುವುದು. ಬೈಕಿನಲ್ಲಿ ಪವರ್ ಬ್ಯಾಂಕ್ ಇಟ್ಟುಕೊಂಡು ಮ್ಯಾಪ್ ಓಡಿಸುವವರಿಗೆ ಇದರಿಂದ ಚಾರ್ಜಿಂಗ್‌ನ ಶಾಖ ತಪ್ಪುತ್ತದೆ. ಆದರೆ ಕೆಲವು ಬ್ರ್ಯಾಂಡ್‌ಗಳಲ್ಲಿ ಇದು ಗೇಮ್ ಆಡುವಾಗ ಮಾತ್ರ ಕೆಲಸ ಮಾಡುತ್ತದೆ. ಸ್ಯಾಮ್‌ಸಂಗ್‌ನದು ಹಾಗೆಯೇ, ಮೇಲಿಂದ ಪಿಪಿಎಸ್ (ಫೋನು ಕೇಳಿದಂತೆ ವೋಲ್ಟೇಜ್ ಹೊಂದಿಸುವ ತಂತ್ರ) ಇರುವ ಚಾರ್ಜರ್ ಬೇಡುತ್ತದೆ. ಮ್ಯಾಪ್‌ನಲ್ಲೂ ನಡೆಯುತ್ತದೆಯೇ ಎಂದು ಕೊಳ್ಳುವ ಮೊದಲು ಅಂಗಡಿಯಲ್ಲೇ ಪರೀಕ್ಷಿಸಿ.

ಹಳೆಯ ಫೋನೋ ಹೊಸದೋ, ಬಳಸುವ ರೀತಿ ಬದಲಾಗದಿದ್ದರೆ 7000 ಎಂಎಎಚ್ ಕೂಡ ಅದೇ ದಾರಿ ಹಿಡಿಯುತ್ತದೆ. ಹೋಲ್ಡರ್‌ಗೆ ಬಿಸಿಲು ತಡೆಯುವ ಪುಟ್ಟ ಚಪ್ಪರ ಹಾಕಿಸಿ, ನೂರಿನ್ನೂರಕ್ಕೆ ಸಿಗುತ್ತದೆ. ಗೊತ್ತಿರುವ ರಸ್ತೆಯಲ್ಲಿ ಸ್ಕ್ರೀನ್ ಆಫ್ ಮಾಡಿ ಇಯರ್‌ಫೋನ್‌ನ ಒಂದೇ ಕಿವಿಯಲ್ಲಿ ಧ್ವನಿ ಸೂಚನೆ ಕೇಳುತ್ತಾ ಹೋದರೆ ಶಾಖ ಮತ್ತು ಚಾರ್ಜ್ ಎರಡೂ ಉಳಿಯುತ್ತವೆ. ಊಟದ ಹೊತ್ತಿನಲ್ಲಿ ದಪ್ಪ ಕೇಸ್ ತೆಗೆದು, ಫ್ಯಾನಿನ ಕೆಳಗೆ ಅರ್ಧ ಗಂಟೆ 33 ವ್ಯಾಟ್‌ನಲ್ಲಿ ಹಾಕಿದರೆ ಸುಮಾರು ಅರ್ಧ ಬ್ಯಾಟರಿ ತುಂಬುತ್ತದೆ. ಬಿಸಿಲಿನಿಂದ ಬಂದ ಕೂಡಲೇ ಹಾಕಬೇಡಿ, ಹತ್ತು ನಿಮಿಷ ತಣಿಯಲಿ. ಸಿಗ್ನಲ್ ದುರ್ಬಲವಿರುವ ಹಳ್ಳಿ ರೂಟಿನಲ್ಲಿ 5ಜಿ ಆಫ್ ಮಾಡಿ 4ಜಿಗೆ ಇಳಿಸಿ. ಅದರಲ್ಲೂ ಏರ್‌ಟೆಲ್‌ನ 5ಜಿ ಹೆಚ್ಚಾಗಿ 4ಜಿಯ ಆಸರೆಯಲ್ಲಿ ನಡೆಯುವುದರಿಂದ ಎರಡೂ ರೇಡಿಯೊಗಳು ಒಟ್ಟಿಗೆ ಎಚ್ಚರವಾಗಿರುತ್ತವೆ. ಬ್ಯಾಟರಿ ಯೂಸೇಜ್ ಪಟ್ಟಿಯಲ್ಲಿ ಡೆಲಿವರಿ ಆ್ಯಪ್ ಮತ್ತು ಮ್ಯಾಪ್ ಬಿಟ್ಟು ಬೇರಾವುದಾದರೂ ಶೇ 10 ದಾಟಿದ್ದರೆ ಅದರ ಬ್ಯಾಕ್‌ಗ್ರೌಂಡ್ ಬಳಕೆಗೆ ಕಡಿವಾಣ ಹಾಕಿ. ಡೆಲಿವರಿ ಆ್ಯಪನ್ನು ಮಾತ್ರ ಮುಟ್ಟಬೇಡಿ, ಲೊಕೇಶನ್ ನಿಂತು ಆರ್ಡರ್ ಬರುವುದೇ ನಿಲ್ಲುತ್ತದೆ. ಬೈಕಿನ ಹ್ಯಾಂಡಲ್ ಕಂಪನದಿಂದ ಚಿತ್ರ ಅಲುಗದಂತೆ ತಡೆಯುವ ಕ್ಯಾಮೆರಾದ ಭಾಗ ಹಾಳಾಗುವುದೂ ಇದೆ, ಆ್ಯಪಲ್ ಈ ಬಗ್ಗೆ 2021ರಲ್ಲೇ ಎಚ್ಚರಿಸಿದೆ. ಕಂಪನ ಹೀರುವ ರಬ್ಬರ್ ಬುಡವಿರುವ ಹೋಲ್ಡರ್ ಕೊಳ್ಳಿ.

ತೆಗೆದ ಹಳೆಯ ಬ್ಯಾಟರಿಯನ್ನು ಮನೆಗೆ ತರಬೇಡಿ, ಕಸದ ಗಾಡಿಗೂ ಹಾಕಬೇಡಿ. ಗಾಡಿಯಲ್ಲಿ ಒತ್ತಿದಾಗ ಹೊತ್ತಿಕೊಳ್ಳುವುದು ಇಂಥವೇ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ಹಿಂದಕ್ಕೆ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದು. ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬದಲಿಸಿದರೆ ಅಲ್ಲೇ ಕೊಡಿ. ಅಂಗಡಿಯಲ್ಲಿ ಬದಲಿಸಿದರೆ ಕನೆಕ್ಟರ್ ತುದಿಗೆ ಇನ್ಸುಲೇಷನ್ ಟೇಪ್ ಸುತ್ತಿಸಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸುವಂತೆ ಹೇಳಿ.